ಭಟ್ಟಿಯ ಬಾಗಿಲಲ್ಲಿ ಅತ್ತೆ

ದೆಹಲಿಯ ಜನಕಪುರಿಯ ನಮ್ಮ ಬಾಡಿಗೆ ಮನೆಯಲ್ಲಿ ಚಳಿಗಾಲ ಬಂತೆಂದರೆ ಒಂದು ನಿಯಮ ಜಾರಿಗೆ ಬರುತ್ತದೆ. ಗೀಸರ್, ಹೀಟರ್, ಓವನ್, ಇವುಗಳಲ್ಲಿ ಎರಡನ್ನು ಒಟ್ಟಿಗೆ ಹಾಕುವಂತಿಲ್ಲ. ಹಾಕಿದರೆ ಮೆಟ್ಟಿಲ ಕೆಳಗಿನ ಮೀಟರ್ ಡಬ್ಬಿಯಲ್ಲಿ ಟಪ್ ಎಂದು ಸದ್ದಾಗಿ ಇಡೀ ಮನೆಯ ಕರೆಂಟು ಹೋಗುತ್ತದೆ. ಮಾಲೀಕರಿಗೆ ಹೇಳಿದರೆ "ಲೋಡ್ ಬಢ್ವಾ ದೇಂಗೇ ಜೀ", ಲೋಡ್ ಹೆಚ್ಚು ಮಾಡಿಸಿಕೊಡೋಣ, ಎನ್ನುತ್ತಾರೆ. ನಾವು ಬಂದಾಗಿನಿಂದಲೂ ಹಾಗೇ ಎನ್ನುತ್ತಿದ್ದಾರೆ. ಹೀಗಾಗಿ ಡಿಸೆಂಬರಿನಲ್ಲಿ ನಮ್ಮ ಮನೆಯವರು ಬೆಳಿಗ್ಗೆ ಎದ್ದು ಒಬ್ಬರನ್ನೊಬ್ಬರು ಕೇಳುವ ಮೊದಲ ಮಾತು "ಗೀಸರ್ ಆಫ್ ಮಾಡಿದ್ಯಾ?" ಎಂದು.

ಗಂಡ ಬೆಳಕು ಹರಿಯುವ ಮೊದಲೇ ಮಾನೇಸರ್‌ನ ಕಾರ್ಖಾನೆಯ ಬಸ್ಸು ಹಿಡಿಯಬೇಕು, ಆದ್ದರಿಂದ ಮೊದಲ ಬಿಸಿನೀರು ಅವನದು. ಆಮೇಲೆ ಶಾಲೆಗೆ ಹೋಗುವ ಮಗಳದು. ಅದಾದ ಮೇಲೆ ನನ್ನ ಅಡುಗೆಮನೆ, ನನ್ನ ಓವನ್. ಈ ಏರ್ಪಾಡು ಮಾಡಿದವಳು ನಾನೇ, ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಕಳೆದ ವರ್ಷ ದೀಪಾವಳಿಯ ಪಟಾಕಿ ಹೊಗೆ ಇನ್ನೂ ಕರಗದಿರುವಾಗ ಧಾರವಾಡದಿಂದ ಅತ್ತೆ ಬಂದರು, ನನ್ನ ಏರ್ಪಾಡು ಮೂಲೆಗೆ ಬಿತ್ತು.

ಅಲ್ಲಿನ ಬಾಡಿಗೆ ಮನೆ ಬಿಟ್ಟು ಬಂದಿದ್ದರು. ಹುಬ್ಬಳ್ಳಿಯಲ್ಲಿ ಮಗಳ ಮನೆ, ದೆಹಲಿಯಲ್ಲಿ ಮಗನ ಮನೆ. ಒಂದು ಚಳಿಗಾಲ ಇಲ್ಲಿದ್ದು ನೋಡೋಣ ಎಂದು ಬಂದವರು. ನೋಡಿದ್ದಾದರೂ ಏನು? ಎರಡು ಸ್ವೆಟರ್, ಮಗನ ಹಳೆಯ ಮಂಕಿ ಕ್ಯಾಪು, ಮಂಚದ ಮುಂದೆ ಕೆಂಪಗೆ ಉರಿಯುವ ಹೀಟರು. ಹಿಂದಿ ಬಾರದು. ಮೊಮ್ಮಗಳು "ಅಜ್ಜಿ, ಪಾನೀ ಲಾವೂಂ ಕ್ಯಾ, ಬಿಸಿದು?" ಎಂದು ನೀರು ತರಲೇ ಎಂದು ಕೇಳಿದರೆ ಅರ್ಧ ಮಾತಿಗೆ ತಲೆಯಾಡಿಸುತ್ತಿದ್ದರು. ಕ್ರಿಸ್‌ಮಸ್ ಹತ್ತಿರವಾದಂತೆ ಮಗನಿಗೆ ಒಂದೇ ಮಾತು: "ಹೊಸ ವರ್ಷ ಆದ ಕೂಡ್ಲೆ ನನ್ನ ಹುಬ್ಬಳ್ಳಿ ಗಾಡಿ ಹತ್ತಿಸಿಬಿಡಪಾ."

ಅವರು ಇಲ್ಲೇ ಇರಲಿ ಎಂದು ನನಗೆ ಆಸೆಯಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದೇಕೆ? ನಾನು ಕಾಲೇಜಿನಲ್ಲಿರುವಾಗಲೇ ನನ್ನ ಅಮ್ಮ ತೀರಿಕೊಂಡರು. ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವಾಗ "ಬಂದ್ಯಾ? ಮೊದ್ಲ ಚಾ ಕುಡಿ" ಎಂದು ಒಳಗಿನಿಂದ ಒಂದು ದನಿ ಬರುವುದು ಎಷ್ಟು ದೊಡ್ಡ ವಿಷಯವೆಂದು ಆ ದನಿ ಇದ್ದವರಿಗೆ ಗೊತ್ತಾಗುವುದಿಲ್ಲ. ನನ್ನ ಗಂಡ ಸಾರಿಗೆ ಉಪ್ಪು ಹೆಚ್ಚೆಂದರೆ "ಸುಮ್ನ ಉಣ್ಣೋ" ಎಂದು ನನ್ನ ಪಕ್ಷ ವಹಿಸುತ್ತಿದ್ದವರೂ ಅವರೇ. ಆದರೆ ಇರಿ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಹುಬ್ಬಳ್ಳಿಯಿಂದ ಅವರ ಮಗಳು ಕರೆಯುತ್ತಿರುವಾಗ ಸೊಸೆ ಅಡ್ಡ ನಿಲ್ಲಬಾರದು ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಕ್ರಿಸ್‌ಮಸ್‌ಗೆ ಮುಂಚಿನ ಶನಿವಾರ ಕೇಕಿಗೆ ಕೂತೆವು. ಒಣದ್ರಾಕ್ಷಿ, ಚೆರಿ, ಕಿತ್ತಳೆ ಸಿಪ್ಪೆ ಎಲ್ಲವನ್ನೂ ಅತ್ತೆ ಬಂದ ವಾರವೇ ಕಿತ್ತಳೆ ರಸದಲ್ಲಿ ನೆನೆಹಾಕಿ ಫ್ರಿಜ್ಜಿನಲ್ಲಿಟ್ಟಿದ್ದರು. ಬೇರೆಯವರು ಹಣ್ಣು ನೆನೆಸುವುದು ರಮ್ಮಿನಲ್ಲಿ, ಆದರೆ ಅವರ ಮನೆತನದಲ್ಲಿ ಅದರ ಹೆಸರೆತ್ತುವಂತಿಲ್ಲ. ದೆಹಲಿಯ ಆ ಚಳಿಯಲ್ಲಿ ಬೆಣ್ಣೆ ಕಲ್ಲಾಗಿತ್ತು. ಪಾತ್ರೆಯನ್ನು ಹೀಟರಿನ ಮುಂದಿಟ್ಟು, ಮಗುವಿಗೆ ಮೈ ಕಾಯಿಸುವಂತೆ ತಿರುಗಿಸಿ ತಿರುಗಿಸಿ ಅತ್ತೆಯೇ ಮೆತ್ತಗೆ ಮಾಡಿದರು. ಕೇಕು ಓವನ್ನಿಗೆ ಹೋಯಿತು. ಹೀಟರ್ ಆರಿತು. ಅತ್ತೆ ರಜಾಯಿ ಹೊದ್ದು ಕೂತರು.

ಅರ್ಧ ಬೆಂದಿರಬೇಕು, ಘಮ ಬರತೊಡಗಿತ್ತು. ಅಜ್ಜಿ ನಡುಗುವುದನ್ನು ನೋಡಲಾರದೆ ಮಗಳು ಹೀಟರ್ ಹಾಕಿದಳು. ಟಪ್. ಮೀಟರ್ ಡಬ್ಬಿಯ ಬೀಗದ ಕೈ ಮಾಲೀಕರ ಹತ್ತಿರ, ಮಾಲೀಕರು ನೋಯ್ಡಾದಲ್ಲಿ ಯಾರದೋ ಮದುವೆಯಲ್ಲಿ. ಕರೆಂಟು ಬರುವ ಹೊತ್ತಿಗೆ ಕೇಕು ನಡುವೆ ಕುಸಿದು ತಟ್ಟೆಯಾಗಿತ್ತು. ನಾನು ಮಾಲೀಕರನ್ನು, ಅವರ ಲೋಡನ್ನು, ಆ ಮದುವೆಯ ಗಂಡು ಹೆಣ್ಣು ಇಬ್ಬರನ್ನೂ ಬೈದೆ. ಅತ್ತೆ ಕೇಕನ್ನೇ ನೋಡುತ್ತ, "ನಾ ಬಂದು ನಿಮಗೆಲ್ಲಾ ತ್ರಾಸ ಆತು ನೋಡು" ಎಂದರು. ಸಂಜೆ ಮಗ ಬಂದೊಡನೆ ಟಿಕೆಟ್ ತೆಗೆಸು ಎಂದು ಪಟ್ಟು ಹಿಡಿದರು. ಅವನು ನನ್ನ ಮುಖ ನೋಡಿದ. ನಾನು ಪಾತ್ರೆ ತೊಳೆಯುತ್ತಿದ್ದೆ.

ನೆನೆಸಿದ ಹಣ್ಣು ಇನ್ನೂ ಅರ್ಧ ಉಳಿದಿತ್ತು. ಸೋಲೊಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಭಾನುವಾರ ಚರ್ಚಿನಿಂದ ಬಂದವಳೇ ಮತ್ತೆ ಹಿಟ್ಟು ಕಲಸಿ ಕೇಕಿನ ಡಬ್ಬಿಗೆ ಸುರಿದು, ಮಾರ್ಕೆಟ್ಟಿನ ಬೇಕರಿಗೆ ಒಯ್ಯುತ್ತೇನೆಂದೆ. ಚಳಿಗಾಲದಲ್ಲಿ ಇಲ್ಲಿನ ಜನ ಮನೆಯಿಂದಲೇ ಗೋಧಿಹಿಟ್ಟು, ತುಪ್ಪ, ಸಕ್ಕರೆ ಒಯ್ದು ಬೇಕರಿಯಲ್ಲಿ ಬಿಸ್ಕಿಟ್ ಮಾಡಿಸಿಕೊಳ್ಳುತ್ತಾರೆ. ತಮ್ಮ ತುಪ್ಪ ಬೇರೆಯವರ ಬಿಸ್ಕಿಟ್ಟಿಗೆ ಹೋಗಬಾರದೆಂದು ಅಲ್ಲೇ ಕೂತು ಕಾಯುತ್ತಾರೆ. ಇದನ್ನು ಕೇಳಿದ್ದೇ ಅತ್ತೆ ಮಂಚದಿಂದ ಇಳಿದರು.

"ಭಟ್ಟಿಗೆ ಒಯ್ಯಾಕತ್ತೀಯಾ? ಹಂಗಾರ ನಾನೂ ಬರ್ತೀನಿ. ಭಟ್ಟಿಗೆ ಕೊಟ್ಟ ಡಬ್ಬಿ ಬಿಟ್ಟು ಬರಬಾರದು."

ಧಾರವಾಡದಲ್ಲಿ ಅವರ ಕಾಲದಲ್ಲಿ ಮನೆಗಳಲ್ಲಿ ಓವನ್ ಎಲ್ಲಿತ್ತು? ಕ್ರಿಸ್‌ಮಸ್ ಬಂದರೆ ಓಣಿಯ ಹೆಂಗಸರೆಲ್ಲ ಡಬ್ಬಿ ಹೊತ್ತು ಬೇಕರಿಗೆ ಹೋಗಿ, ಕೇಕು ಬೇಯುವವರೆಗೂ ಅಲ್ಲೇ ಹರಟುತ್ತ ಕೂರುತ್ತಿದ್ದರಂತೆ. ಭಾನುವಾರ ಚರ್ಚಿಗೂ ಹೊರಡದೆ ಮಂಚ ಹಿಡಿದಿದ್ದವರು, ನಾನು ಸೀರೆ ಸರಿಮಾಡಿಕೊಳ್ಳುವಷ್ಟರಲ್ಲಿ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದರು.

ಬೇಕರಿಯ ಹಿಂಭಾಗದಲ್ಲಿ ಇಟ್ಟಿಗೆಯ ದೊಡ್ಡ ಭಟ್ಟಿ. ಅದರ ಎದುರು ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಬಿಸ್ಕಿಟ್ ಮಾಡಿಸಲು ಬಂದವರು. ಪಂಜಾಬಿ ಮುದುಕಿಯೊಬ್ಬಳು ಅತ್ತೆಗೆ ಜಾಗ ಮಾಡಿಕೊಟ್ಟಳು. ಅತ್ತೆ ಕೂತರು, ಕೈ ಚಾಚಿದರು, ಮಂಕಿ ಕ್ಯಾಪು ತೆಗೆದರು. ದೆಹಲಿಗೆ ಬಂದ ಮೇಲೆ ಹಗಲಿನಲ್ಲಿ ಅವರ ಕೂದಲನ್ನು ನಾನು ನೋಡಿದ್ದು ಅದೇ ಮೊದಲು.

ಭಟ್ಟಿಯವನು ನಮ್ಮ ಡಬ್ಬಿಯನ್ನು ಒಳಗೆ ತಳ್ಳಿದ. ಸ್ವಲ್ಪ ಹೊತ್ತಿಗೆ ಬಿಸ್ಕಿಟ್ಟಿನ ತಟ್ಟೆ ಇಡಲು ಬಾಗಿಲು ತೆರೆದ. "ತೆಗೀಬ್ಯಾಡೋ!" ಎಂದರು ಅತ್ತೆ. ಅವನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ತೆರೆಯಲು ಬಂದಾಗ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತೇಬಿಟ್ಟರು. "ಮನ್ಯಾಗ ಒಂದು ಕೇಕ ಕುಸದೈತಿ. ಇದು ಕುಸದ್ರ ನಿನ್ನ ಬಿಡಾಂಗಿಲ್ಲ ನೋಡು!" ಪೂರ್ತಿ ಧಾರವಾಡದ ಕನ್ನಡ, ಪೂರ್ತಿ ಜೋರು. ಬಿಸ್ಕಿಟ್ಟಿನವರು ಗೊಣಗತೊಡಗಿದರು. ಭಟ್ಟಿಯವನು ನನ್ನ ಕಡೆ ತಿರುಗಿ, ಮಾತಾಜಿ ಹೊರಗಿನವರು, ಅವರಿಗೆ ಇಲ್ಲಿಯ ರೀತಿ ಗೊತ್ತಿಲ್ಲ, ಕರೆದುಕೊಂಡು ಹೋಗಿ ಎಂದ.

ತಪ್ಪು ಅತ್ತೆಯದೇ. ಅಷ್ಟು ದೊಡ್ಡ ಭಟ್ಟಿ ಒಂದು ಸಲ ಬಾಗಿಲು ತೆರೆದರೆ ಆರುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ 'ಹೊರಗಿನವರು' ಎಂಬ ಮಾತು ಕೇಳಿ ನನ್ನ ಪಿತ್ತ ನೆತ್ತಿಗೇರಿತು.

"ಬಾಹರ್ ಕೀ ನಹೀಂ ಹೈಂ ಭಯ್ಯಾ! ಯಹೀಂ ರಹತೀ ಹೈಂ, ಮೇರೇ ಘರ್ ಮೇಂ. ಕಹೀಂ ನಹೀಂ ಜಾಯೇಂಗೀ!"

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಪಂಜಾಬಿ ಮುದುಕಿ ಎದ್ದು, ಅತ್ತೆಯ ಕೈ ಹಿಡಿದು ಸ್ಟೂಲಿಗೆ ಕರೆತಂದು, ತನ್ನ ಬಿಸಿ ಬಿಸ್ಕಿಟ್ಟು ಕೈಗಿಟ್ಟಳು. ತನ್ನ ಬಿಸ್ಕಿಟ್ಟಿನ ಮುಂದಿನ ತಟ್ಟೆ ಈ ಕೇಕು ಬೆಂದ ಮೇಲೆ ಒಳಗೆ ಹೋಗಲಿ ಎಂದು ಭಟ್ಟಿಯವನಿಗೂ ಅಪ್ಪಣೆ ಮಾಡಿದಳು. ಅವನು ಹಣೆ ಚಚ್ಚಿಕೊಂಡು ಬೀಡಿ ಸೇದಲು ಹೊರಗೆ ಹೋದ.

ಕೇಕು ಚೆನ್ನಾಗಿ ಉಬ್ಬಿ ಬಂತು, ನಡುವೆ ಸಣ್ಣದೊಂದು ಬಿರುಕು ಬಿಟ್ಟು. ಬಿರುಕಿದ್ದರೇ ಚೆಂದ ಎಂದರು ಅತ್ತೆ. ಇ-ರಿಕ್ಷಾ ಹತ್ತಿ, ಬಿಸಿ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಶಾಲಿನೊಳಗೆ ತೊಡೆಯ ಮೇಲಿಟ್ಟುಕೊಂಡರು. ಮಂಜಿನಲ್ಲಿ ಎದುರಿನ ಗಾಡಿಗಳ ದೀಪ ಮಾತ್ರ ಕಾಣುತ್ತಿತ್ತು.

"ನೀ ಅಂವಗ ಏನಂದಿ? ಭಾಳ ಜೋರ ಮಾಡಿದಿ."

"ನೀವು ಹೊರಗಿನವರಲ್ಲ, ನಮ್ಮನೇಲೇ ಇರೋರು ಅಂದೆ. ಎಲ್ಲೂ ಹೋಗಲ್ಲ ಅಂದೆ."

ರಿಕ್ಷಾ ನಮ್ಮ ಬ್ಲಾಕಿನ ಕಡೆ ತಿರುಗಿತು.

"ಅಂವಗ ಹೇಳಿದಿ. ನನಗ ಯಾವಾಗ ಹೇಳಾಕಿದ್ದಿ?"

"ಇರಿ ಅತ್ತೆ" ಎಂದೆ. ಹಾರನ್ನುಗಳ ಗದ್ದಲದಲ್ಲಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ.

"ಕೇಳಿಸ್ತು, ನನ್ನ ಕಿವಿ ಚಲೋ ಅದಾವ" ಎಂದು ಶಾಲು ಸರಿಸಿ, ಡಬ್ಬಿಯನ್ನು ತೆಗೆದು ನನ್ನ ತೊಡೆಯ ಮೇಲಿಟ್ಟರು. "ಹಿಡಿ. ನಿನ್ನ ಕೈ ಥಣ್ಣಗಾಗ್ಯಾವ."