ಮೂರು ತುತ್ತಿನ ಕಳ್ಳಿ

ಸೇಲಂನ ದೊಡ್ಡಾಸ್ಪತ್ರೆಯಲ್ಲಿ ನನ್ನ ಅನ್ನದ ಚೀಲದ ಮುಕ್ಕಾಲು ಪಾಲು ಕತ್ತರಿಸಿ ತೆಗೆದಾಗ ನನಗೆ ಇಪ್ಪತ್ತೆಂಟು ವರ್ಷ, ತೊಂಬತ್ತೊಂದು ಕಿಲೋ. ವಯಸ್ಸು ಹೇಳಲು ನನಗೆ ಯಾವತ್ತೂ ನಾಚಿಕೆಯಿರಲಿಲ್ಲ. ತೂಕ ಹೇಳಲು ಇತ್ತು, ಇವತ್ತು ಅದನ್ನೂ ಬಿಟ್ಟೆ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಮೂರು ವರ್ಷದಿಂದ ಹೊಟ್ಟೆಯೊಳಗೆ ಕೆಂಡ ಇಟ್ಟಂತೆ ಉರಿ, ತಿಂದದ್ದೆಲ್ಲ ವಾಂತಿ. ಡಾಕ್ಟರು ಅಲ್ಸರ್ ಅಂದರು, ಊರವರು ತಮಿಳಿನಲ್ಲಿ ಕುಡಲುಪುಣ್ಣು, ಕರುಳಿನ ಹುಣ್ಣು ಅಂದರು. ಅಷ್ಟು ವಾಂತಿ ಮಾಡಿದರೆ ಬೇರೆಯವರು ಕಡ್ಡಿಯಾಗುತ್ತಾರೆ, ನಾನು ಆಗಲಿಲ್ಲ. ನಮ್ಮಪ್ಪನ ಕಡೆಯ ಹೆಂಗಸರೆಲ್ಲ ಹಾಗೇ, ನೀರು ಕುಡಿದರೂ ಮೈಗೆ ಹತ್ತುತ್ತದೆ.

ಮನೆಗೆ ಕಳಿಸುವ ದಿನ ಡಾಕ್ಟರು ನನ್ನ ಗಂಡನನ್ನೂ ಅತ್ತೆಯನ್ನೂ ಮಂಚದ ಹತ್ತಿರ ಕರೆದು ತಮಿಳಿನಲ್ಲಿ ಬಿಡಿಸಿ ಹೇಳಿದರು. ಇನ್ನು ಮೇಲೆ ಒಂದು ಹೊತ್ತಿಗೆ ಮೂರೇ ತುತ್ತು, ದಿನಕ್ಕೆ ಆರು ಸಲ. ಸಿಹಿ ಮುಟ್ಟಬಾರದು. ಹೀಗಿದ್ದರೆ ಉರಿಯೂ ಹೋಗುತ್ತದೆ, ದಪ್ಪವೂ ಇಳಿಯುತ್ತದೆ. ಆ ಕೊನೆಯ ಮಾತನ್ನು ಅತ್ತೆ ದೇವರು ಕೊಟ್ಟ ವರದ ಹಾಗೆ ಸೆರಗಿಗೆ ಕಟ್ಟಿಕೊಂಡರು. ಅವರು ಕೆಟ್ಟವರಲ್ಲ. ಹನ್ನೆರಡು ದಿನ ಆಸ್ಪತ್ರೆ ಜಗಲಿಯಲ್ಲಿ ಬರೀ ನೆಲದ ಮೇಲೆ ಮಲಗಿ ನನಗೆ ಗಂಜಿ ಕುಡಿಸಿದವರು. ಅದಕ್ಕೇ ಮುಂದೆ ಅವರು ಮಾಡಿದ್ದನ್ನು ಬಾಯ್ತುಂಬ ಬೈಯಲೂ ನನ್ನಿಂದ ಆಗುವುದಿಲ್ಲ.

ನಮ್ಮೂರು ಸೇಲಂ ಸೀಮೆಯ ಮೇಚೇರಿಯಿಂದ ಒಂದು ಗಂಟೆ ನಡಿಗೆ, ಮನೆಯೊಳಗೆ ಕನ್ನಡ, ಹೊರಗೆ ತಮಿಳು. ಒಂದಿಷ್ಟು ಕುರಿ, ರಾಗಿ ಬೆಳೆಯುವ ಎರಡು ತುಂಡು ಹೊಲ. ಊರಿಗೆ ಬಂದ ಮೊದಲ ತಿಂಗಳು ಹೆಂಗಸರೆಲ್ಲ ನನ್ನನ್ನು ನೋಡಲು ಬಂದರು. ಹೊಟ್ಟೆ ಇಲ್ಲದೋಳು ಅಂತ ಹೆಸರೂ ಇಟ್ಟರು. ಪಾಪ, ಇನ್ನು ಮೂರು ತಿಂಗಳಲ್ಲಿ ಕಟ್ಟಿಗೆ ಆಗಿಬಿಡ್ತಾಳೆ ಅಂತ ಲೊಚಗುಟ್ಟಿ ಹೋದರು. ಮೂರು ತಿಂಗಳ ಮೇಲೆ ಅವರೇ ಮತ್ತೆ ಬಂದರು. ನಾನು ಮೊದಲು ಕೂತ ಹಾಗೇ, ಬಾಗಿಲು ತುಂಬ ಕೂತಿದ್ದೆ.

ಐದನೆಯ ತಿಂಗಳು ಸೇಲಂಗೆ ಹೋಗಿ ತೂಕ ನೋಡಿದರೆ ಬರೀ ಮೂರು ಕಿಲೋ ಇಳಿದಿತ್ತು. ಕೆಲವರ ಮೈ ನಿಧಾನ, ಇಳಿದೇ ಇಳಿಯುತ್ತೆ ಅಂದರು ಡಾಕ್ಟರು. ಅವರ ಮಾತು ಸುಳ್ಳಾಗಲಿಲ್ಲ, ಆದರೆ ಅದಕ್ಕೆ ನಾಲ್ಕು ವರ್ಷ ಬೇಕಾಯಿತು. ನಾಲ್ಕು ವರ್ಷ ಅಂತ ಆಗ ಯಾರಿಗೆ ಗೊತ್ತಿತ್ತು? ಬಸ್ಸಿನಲ್ಲಿ ನನ್ನ ಗಂಡ ಕಿಟಕಿಯಾಚೆ ನೋಡುತ್ತಾ ಬಂದರು, ನನ್ನ ಕಡೆ ತಿರುಗಲಿಲ್ಲ. ಮನೆಗೆ ಬಂದು ಅತ್ತೆಗೆ ಮೂರು ಕಿಲೋ ಅಂತ ಮಾತ್ರ ಹೇಳಿದರು. ಅತ್ತೆ ನನ್ನನ್ನು ಕೆಳಗಿನಿಂದ ಮೇಲಿನವರೆಗೂ ನೋಡಿದರು.

ಅಲ್ಲಿಂದ ಶುರುವಾಯಿತು ಕಾವಲು. ರಾಗಿ ಹಿಟ್ಟಿನ ಮಡಕೆಯಲ್ಲಿ ಹಿಟ್ಟನ್ನು ಸಮ ಮಾಡಿ, ಮೇಲೆ ತಮ್ಮ ಅಂಗೈ ಒತ್ತಿ ಗುರುತು ಇಟ್ಟು ಅತ್ತೆ ಹೊಲಕ್ಕೆ ಹೋಗುತ್ತಿದ್ದರು. ಬಂದ ತಕ್ಷಣ ಕಾಲು ತೊಳೆಯುವುದಕ್ಕೂ ಮೊದಲು ಮುಚ್ಚಳ ತೆಗೆದು ನೋಡುವುದು. ಗುರುತು ಹಾಗೇ ಇರುತ್ತಿತ್ತು. ಅದರಿಂದ ನನಗೇನಾದರೂ ಬಿಡುಗಡೆ ಸಿಕ್ಕಿತೇ? ಇಲ್ಲ. ಪಕ್ಕದ ಮನೆಯಲ್ಲಿ ತಿಂದು ಬರುತ್ತಾಳೆ ಅಂತ ನಾನು ಪಕ್ಕದ ಮನೆಗೆ ಹೋಗುವುದನ್ನು ನಿಲ್ಲಿಸಿದರು. ಆಮೇಲೆ ಬಾವಿಗೆ, ಆಮೇಲೆ ಸಂತೆಗೆ. ನಾನು ಮನೆ, ಕುರಿ ರೊಪ್ಪ, ಮನೆ ಅಂತ ಸುತ್ತತೊಡಗಿದೆ. ಮೈಯೆಲ್ಲ ಪರಚಿಕೊಳ್ಳುವ ಹಾಗಾಗುತ್ತಿತ್ತು. ತಿಂದರೆ ನೋವು, ತಿನ್ನದಿದ್ದರೆ ಕಳ್ಳಿ. ಈ ಮೈ ಬಿಟ್ಟು ಎಲ್ಲಿಗೆ ಓಡಲಿ ನಾನು?

ನಿಜ ಹೇಳುತ್ತೇನೆ, ಮೂರು ತುತ್ತಿನ ಮೇಲೆ ನಾಲ್ಕನೆಯದು ನನ್ನೊಳಗೆ ಇಳಿಯುತ್ತಲೇ ಇರಲಿಲ್ಲ. ಎದೆಗೆ ಬಂದು ಕೂರುತ್ತಿತ್ತು, ತಣ್ಣನೆ ಬೆವರು, ಎದೆ ಡವಡವ. ಒಂದೊಂದು ದಿನ ಉಂಡು ಎರಡು ಗಂಟೆಯಾದ ಮೇಲೆ ಕೈಕಾಲು ನಡುಗಿ ಕಣ್ಣು ಕತ್ತಲೆ ಬರುತ್ತಿತ್ತು. ಹಾಗಾದಾಗ ಗೋಲಿಯಷ್ಟು ಬೆಲ್ಲ ಬಾಯಿಗೆ ಹಾಕಿಕೊಂಡರೆ ಸರಿಹೋಗುತ್ತದೆ ಅಂತ ನಾನೇ ಕಂಡುಕೊಂಡೆ. ಡಾಕ್ಟರು ಸಿಹಿ ಮುಟ್ಟಬೇಡ ಅಂದದ್ದು ಅತ್ತೆಯ ಎದುರಿಗೇ. ಆದ್ದರಿಂದ ಬೆಲ್ಲದ ಮಾತು ಯಾರಿಗೂ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ.

ನನ್ನ ಗಂಡನದು ಕುರಿಯ ಕೈ. ಕುರಿಯ ಬೆನ್ನ ಮೇಲೆ, ಪಕ್ಕೆಲುಬು ಮುಗಿಯುವ ಕಡೆ ನಾಲ್ಕು ಬೆರಳಿಟ್ಟು ಒತ್ತಿದರೆ ಎಷ್ಟು ಮಾಂಸ ಬೀಳುತ್ತದೆ ಅಂತ ಹೇಳುವವರು. ಮೇಚೇರಿ ಸಂತೆಯಲ್ಲಿ ವ್ಯಾಪಾರಿಗಳೇ ಅವರನ್ನು ಕರೆದು ಕೇಳುತ್ತಿದ್ದರು. ಒಂದು ಬೆಳಿಗ್ಗೆ ರೊಪ್ಪದಲ್ಲಿ ಸಂತೆಗೆ ಹೊಡೆಯಬೇಕಾದ ಟಗರುಗಳನ್ನು ಒತ್ತಿ ನೋಡುತ್ತಿದ್ದರು, ನಾನು ಹಿಕ್ಕೆ ಗುಡಿಸುತ್ತಿದ್ದೆ. ಕೊನೆಯ ಟಗರು ಆದ ಮೇಲೆ ಅದೇ ಕೈಯನ್ನು ನನ್ನ ಸೊಂಟದ ಮೇಲೆ ಇಟ್ಟರು. ನಾಲ್ಕು ಬೆರಳು. ಒತ್ತಿದರು. ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆ ತಿರುಗಿ, "ಇಳ್ದಿಲ್ಲವ್ವಾ. ಅಂಗೇ ಐತೆ," ಅಂದರು.

"ಮೇಯ್ದೆ ಇರೋ ಕುರೀಗ್ ಮಾಂಸ ಎಲ್ಲಿಂದ ಬತ್ತದೆ, ನೀನೇ ಏಳು," ಅಂದರು ಅತ್ತೆ.

ನನ್ನ ಬಾಯಿ ಮೊದಲಿಂದಲೂ ಜೋರು. ಪೊರಕೆ ಎಸೆದೆ. ಕುರಿ ಅಂತ ಕೈಯಿಟ್ಟು ನೋಡುವ ಬದಲು ಕುಯ್ದೇ ನೋಡಿ ಅಂದೆ. ಸಿಟ್ಟು ನೆತ್ತಿಗೇರಿ, ಯಾರೂ ಕೇಳದೆ ಇದ್ದರೂ, ಬರೋ ಸೋಮವಾರ ಗುಡಿಯಲ್ಲಿ ಕರ್ಪೂರ ಆರಿಸುತ್ತೇನೆ, ಆಮೇಲೆ ನಿಮ್ಮ ಬಾಯಿ ಮುಚ್ಚಬೇಕು ಅಂತ ಕೂಗಿಬಿಟ್ಟೆ.

ನಮ್ಮ ಕಡೆ ಮಾತಿನಲ್ಲಿ ಬಗೆಹರಿಯದ್ದು ಅಲ್ಲಿಗೆ ಹೋಗುತ್ತದೆ. ದೇವರ ಮುಂದಿನ ಕಲ್ಲಿನ ಮೇಲೆ ಪೂಜಾರಿ ಕರ್ಪೂರ ಹಚ್ಚುತ್ತಾನೆ. ಮಾತು ನಿಜ ಅನ್ನುವವರು ಬರಿಗೈಯಲ್ಲಿ ಬಡಿದು ಅದನ್ನು ಆರಿಸಬೇಕು. ಆರಿಸಿದ ಮೇಲೆ ಯಾರೂ ಎದುರು ಮಾತಾಡುವ ಹಾಗಿಲ್ಲ. ಸುಳ್ಳು ಹೇಳಿ ಆರಿಸಿದರೆ ಅದು ಹೆತ್ತ ಮಕ್ಕಳಿಗೆ ತಟ್ಟುತ್ತದೆ. ನನಗೆ ಐದು ವರ್ಷದ ಮಗಳಿದ್ದಳು.

ಕೂಗಿ ಒಳಗೆ ಬಂದು ನೀರು ಕುಡಿಯುವಾಗ ಬೆಲ್ಲ ನೆನಪಾಯಿತು. ಕೈಯಲ್ಲಿದ್ದ ಚೊಂಬು ಕೆಳಗಿಟ್ಟು ಗೋಡೆಗೆ ಒರಗಿದೆ. ಅಯ್ಯೋ ನನ್ನ ಬಾಯಿಗೆ ಬೆಂಕಿ ಬೀಳ! ಕದ್ದು ಒಂದು ಚೂರೂ ತಿಂದಿಲ್ಲ ಅಂತ ನಾನು ಹೇಗೆ ಕರ್ಪೂರ ಬಡಿಯಲಿ? ಬರುವುದಿಲ್ಲ ಅಂದರೆ ಅಲ್ಲಿಗೆ ತೀರಿತು, ಕಳ್ಳಿಯೇ. ಸೋಮವಾರದ ತನಕ ನನ್ನ ಮೂರು ತುತ್ತೂ ಒಳಗೆ ಹೋಗಲಿಲ್ಲ. ಅದನ್ನೂ ಅತ್ತೆ ನೋಡಿದರು, ಅದಕ್ಕೂ ಒಂದು ಅರ್ಥ ಕಟ್ಟಿಕೊಂಡರು.

ಸೋಮವಾರ ಬೆಳಿಗ್ಗೆ ಗುಡಿಯಲ್ಲಿ ಪೂಜಾರಿ, ಅತ್ತೆ, ನನ್ನ ಗಂಡ, ನಾನು. ಮಗಳನ್ನು ಬೇಕೆಂತಲೇ ಪಕ್ಕದ ಮನೆಗೆ ಕಳಿಸಿ ಬಂದಿದ್ದೆ. ಕರ್ಪೂರ ಹತ್ತಿಕೊಂಡಿತು. ನನಗೆ ಬೇಕಾಗಿದ್ದು ಒಂದೇ, ನನ್ನ ಮಾತನ್ನು ನನ್ನ ಗಂಡ ಅನ್ನುವ ಈ ಮನುಷ್ಯ ನಂಬಬೇಕು. ಅತ್ತೆ ನಂಬದಿದ್ದರೂ ಹೋಗಲಿ, ಊರು ನಂಬದಿದ್ದರೂ ಹೋಗಲಿ. ಬೆಂಕಿಯ ಮೇಲೆ ಕೈ ಎತ್ತಿ ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

"ಬೆಲ್ಲ ತಿಂದಿವ್ನಿ. ಕಣ್ ಕತ್ಲೆ ಬಂದಾಗ, ಗೋಲಿಯಷ್ಟು. ಬ್ಯಾರೆ ಏನೂ ಇಲ್ಲ."

ಕೈ ಇಳಿಸುವುದಕ್ಕೆ ಅತ್ತೆ ಬಿಡಲಿಲ್ಲ, ನನ್ನ ಮಣಿಕಟ್ಟು ಹಿಡಿದುಕೊಂಡರು. ಗೋಲಿಯಷ್ಟು ಬೆಲ್ಲಕ್ಕೆ ಇಂಥ ಮೈ ನಿಲ್ಲುತ್ತದೆಯೇ, ಅರ್ಧ ಹೇಳಿ ಆಣೆ ಮಾಡಿ ಮಗುವಿನ ತಲೆಗೆ ತರಬೇಡ ಅಂತ ಅತ್ತರು. ನಾಟಕವಲ್ಲ ಅದು, ಮೊಮ್ಮಗಳ ಭಯ. ಪೂಜಾರಿ ಪೂರ್ತಿ ಹೇಳಮ್ಮ ಅಂತ ಇನ್ನೊಂದು ಕರ್ಪೂರದ ಬಿಲ್ಲೆ ಇಟ್ಟ. ನಾನು ಗಂಡನ ಮುಖ ನೋಡಿದೆ. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಇನ್ನೇನೋ ಇದೆ, ಅದನ್ನೂ ಹೇಳಿಬಿಡು ಅಂತ ಬೇಡುತ್ತಿದ್ದರು. ಹೇಳಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ಆಸೆ. ನನ್ನ ನಿಜ ಇವರಿಗೆ ಸಾಲದು ಅಂತ ಆಗ ಗೊತ್ತಾಯಿತು.

ಕೈ ಹಿಂದಕ್ಕೆ ಎಳೆದುಕೊಂಡೆ. ದಿನಾ ಸಂಜೆ ಕಾವಲು ನಾಯಿಗಳಿಗೆ ಹಾಕೆಂದು ಅತ್ತೆ ನನ್ನ ಕೈಗೆ ಕೊಡುತ್ತಿದ್ದ ಎರಡು ಮುದ್ದೆಯನ್ನು ನಾನೇ ತಿನ್ನುತ್ತಿದ್ದೆ ಅಂತ ಹೇಳಿದೆ. ನಮ್ಮ ನಾಯಿಗಳೋ ಮೊದಲೇ ಬಡಕಲು. ಯಾರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕರ್ಪೂರ ತಾನೇ ಉರಿದು ಆರಿಹೋಯಿತು, ನಾನು ಮುಟ್ಟಲಿಲ್ಲ. ಆಣೆ ಮಾಡದೆ ಹೇಳಿದ ಸುಳ್ಳು ಮಗಳಿಗೆ ತಟ್ಟುವುದಿಲ್ಲ ಅಂತ ನನ್ನ ಲೆಕ್ಕ. ಅತ್ತೆ ಸೆರಗಿನಲ್ಲಿ ಕಣ್ಣೊರಸಿಕೊಂಡು, ಹೋಗಲಿ ಬಿಡು, ಹೊಟ್ಟೆಪಾಡು ಅಂತ ನನ್ನ ತಲೆ ಸವರಿದರು. ಎಷ್ಟೋ ತಿಂಗಳ ಮೇಲೆ ಸವರಿದ ಕೈ ಅದು.

ದಾರಿಯುದ್ದಕ್ಕೂ ನನ್ನ ಗಂಡ ನನ್ನ ಪಕ್ಕದಲ್ಲೇ ನಡೆದರು. ಮಳೆಯ ಮಾತು, ಕುರಿಯ ಮಾತು, ಸಂತೆಯಲ್ಲಿ ಕಂಡವರ ಮಾತು. ನಿಜ ಹೇಳುತ್ತಿದ್ದ ಹೆಂಡತಿಯ ಜೊತೆ ಇಲ್ಲದ ಮಾತೆಲ್ಲ ಕಳ್ಳ ಹೆಂಡತಿಯ ಜೊತೆ ಬಂತು.

ಮಧ್ಯಾಹ್ನ ಅತ್ತೆ ನೀರಿಗೆ ಹೋಗಿದ್ದಾಗ ಅವರೇ ತಟ್ಟೆ ಹಾಕಿ, ಇಡೀ ಮುದ್ದೆ ಇಟ್ಟು, ಅವರೆಕಾಳಿನ ಸಾರು ಬಿಟ್ಟರು. "ಕದೀಬ್ಯಾಡ. ನನ್ನೆದುರ್ಗೇ ತಿನ್ನು. ಅಸಿವು ತಪ್ಪಲ್ಲ," ಅಂದರು. ಮದುವೆಯಾಗಿ ಎಂಟು ವರ್ಷದಲ್ಲಿ ಅವರು ನನಗೆ ಬಡಿಸಿದ್ದು ಅದೇ ಮೊದಲು. ಹೇಗೆ ಬೇಡ ಅನ್ನಲಿ? ಮೂರು ತುತ್ತು ನುಂಗಿದೆ. ನಾಲ್ಕನೆಯದನ್ನೂ ನುಂಗಿದೆ. ಐದನೆಯದಕ್ಕೆ ಬೆವರು ಕಿತ್ತುಕೊಂಡು ಬಂತು, ಗೋಡೆ ಹಿಡಿದುಕೊಂಡು ಹಿತ್ತಲಿಗೆ ಓಡಿ ಬೇಲಿಯ ಪಕ್ಕ ಎಲ್ಲ ಕಾರಿದೆ.

ಅವರು ಚೊಂಬಿನಲ್ಲಿ ನೀರು ತಂದು ನಿಂತರು. ಬಿದ್ದದ್ದನ್ನು ನೋಡಿದರು, ನನ್ನನ್ನು ನೋಡಿದರು. ದಿನಾ ಎರಡು ಮುದ್ದೆ ತಿನ್ನುತ್ತಿದ್ದವಳಿಗೆ ಐದು ತುತ್ತು ಯಾಕೆ ದಕ್ಕಲಿಲ್ಲ ಅಂತ ಅವರಿಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅಂಗಾದ್ರೆ ಗುಡೀಲಿ ಯಾಕ್ ಅಂಗಂದೆ?"

"ನಿಜಾನೂ ಏಳಿದ್ನಲ್ಲ, ಮೊದ್ಲು. ನಿಮ್ಮಲ್ಲಿ ಯಾರ್ ಕೇಳ್ಕಂಡ್ರಿ?"

ಅವರು ಚೊಂಬನ್ನು ನನ್ನ ಮುಂದೆ ಇಟ್ಟು ಒಳಗೆ ಹೋದರು. ನಾನು ಬಾಯಿ ತೊಳೆದುಕೊಂಡು ಒಳಗೆ ಬರುವಷ್ಟರಲ್ಲಿ ನನ್ನ ತಟ್ಟೆಯ ಮುಂದೆ ಕೂತು, ನಾನು ಬಿಟ್ಟ ಮುದ್ದೆಯನ್ನು ತಲೆ ಎತ್ತದೆ ತಿಂದು ಮುಗಿಸುತ್ತಿದ್ದರು. ತಿಂದು ಕೈ ತೊಳೆಯುವ ಹೊತ್ತಿಗೆ ಅತ್ತೆ ಕೊಡ ಹೊತ್ತುಕೊಂಡು ಬಂದರು. ಖಾಲಿ ತಟ್ಟೆ ನೋಡಿ ಅವರ ಮುಖ ಅರಳಿತು. ಇಡೀ ಮುದ್ದೆ ತಿಂದಳಾ, ಕದಿಯದೆ ಎದುರಿಗೆ ತಿಂದರೆ ಎಷ್ಟು ಚೆಂದ ನೋಡು ಅಂದರು. ನಾನು ಗಂಡನ ಕಡೆ ನೋಡಿದೆ, ಈಗಲಾದರೂ ಹೇಳುತ್ತಾರೆ ಅಂತ.

ಅವರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು.

"ಊಂ ಕಣವ್ವಾ," ಅಂದರು. "ಪೂರಾ ತಿಂದ್ಲು."