ಅಂಜಿನಕ್ಕ ಶಾಂತಿ ಬರೆದುಕೊಟ್ಟದ್ದು

ಕೊಟ್ಟೂರಿನ ನಮ್ಮ ಓಣಿಯಲ್ಲಿ ಅಂಜಿನಕ್ಕನ ಬಾಯಿಗೆ ಹೆದರದ ಜೀವಗಳು ಎರಡೇ: ಒಂದು ಅವಳ ಎಮ್ಮೆ, ಇನ್ನೊಂದು ಅವಳ ಗಂಡ ಬೊಮ್ಮಪ್ಪ. ಎಮ್ಮೆಗೆ ಅಭ್ಯಾಸವಾಗಿತ್ತು. ಬೊಮ್ಮಪ್ಪ ಹಮಾಲಿ ಮಾಡಿ ದಣಿದು ಬರುತ್ತಿದ್ದ, ಉಂಡ ಕೂಡಲೇ ಗೊರಕೆ ಹೊಡೆಯುತ್ತಿದ್ದ. ಉಳಿದ ನಾವೆಲ್ಲ ಆ ಬಾಯಿಗೆ ಹೆದರುತ್ತಿದ್ದೆವು, ನಾಚಿಕೆಯಿಲ್ಲದೆ ಅದರ ಆಸರೆಯಲ್ಲೇ ಬದುಕುತ್ತಿದ್ದೆವು. ಓಣಿಯ ಮೂಲೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ನಡೆದದ್ದನ್ನೆಲ್ಲ ಮಿಷನ್ನಿನ ಹಿಂದೆ ಕೂತೇ ನೋಡಿದವನು ನಾನು.

ನೀರು ಬಿಡುವವನು ಓಣಿಯ ಹಿಂದಿನ ಟ್ಯಾಂಕ್ ತುಂಬಿಸದೆ ಹೋದ ದಿನ ಎದುರು ಮನೆಯ ತಿಪ್ಪೇರುದ್ರಮ್ಮ ಮೆಲ್ಲಗೆ ಬಂದು, "ಅಂಜಿನಕ್ಕ, ಇವತ್ತೂ ನೀರು ಬಿಟ್ಟಿಲ್ಲ ನೋಡವ್ವ" ಎಂದಷ್ಟೇ ಅನ್ನುವಳು. ಅಂಜಿನಕ್ಕ ಸೆರಗು ಸಿಗಿಸಿ ಹೊರಬೀಳುವಳು. ಅವಳ ದನಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಚಹಾ ಕುಡಿಯುತ್ತಿದ್ದ ನೀರಿನವನನ್ನು ಎಬ್ಬಿಸಿಕೊಂಡು ಬರುವುದು. ಟ್ಯಾಂಕ್ ತುಂಬಿದ ಮೇಲೆ ತಿಪ್ಪೇರುದ್ರಮ್ಮ ನನ್ನ ಅಂಗಡಿಯ ಮುಂದೆ ಕೊಡ ಇಳಿಸಿ, "ಎಷ್ಟು ಒದರ್ತಾಳಪ್ಪ ಈಕಿ, ಮರ್ಯಾದಸ್ಥರು ಇರಂಗಿಲ್ಲ ಈ ಓಣ್ಯಾಗ" ಎಂದು ಬೇಸರ ಪಡುವಳು.

ಕೋಳಿ ವಿಷಯವಂತೂ ಬೇರೆಯೇ. ನಮ್ಮ ಕಡೆ ಕೋಳಿ ಕಳುವಾದರೆ ಠಾಣೆಗೆ ಹೋಗುವ ಪದ್ಧತಿಯಿಲ್ಲ. ಕಳಕೊಂಡವಳು ಬೆಳಗಾಗೆದ್ದು ಓಣಿಯ ನಡುವೆ ನಿಂತು, ಹಿಡಿ ಮಣ್ಣು ತೂರಿ, ಕದ್ದವರ ಮನೆತನವನ್ನೆಲ್ಲ ಬೈಯಬೇಕು. ಹೆಸರು ಮಾತ್ರ ಹಿಡಿಯಬಾರದು, ಹಿಡಿದರೆ ಅದು ಜಗಳವಾಗುತ್ತದೆ. ಅಂಜಿನಕ್ಕ ತನ್ನ ಕೋಳಿಗಾಗಿ ಬೈಯುವುದಲ್ಲದೆ, ಬಾಯಿ ಬಾರದವರು ಕರೆದರೆ ಅವರ ಕೋಳಿಗಾಗಿಯೂ ಹೋಗಿ ಬೈದು ಬರುತ್ತಿದ್ದಳು. ಸಂಜೆಯೊಳಗೆ ಕೋಳಿ ಯಾವುದೋ ಗೋಡೆ ಹಾರಿ ಮನೆ ಸೇರುತ್ತಿತ್ತು. ಸೇರದಿದ್ದರೆ ಅದು ಆಗಲೇ ಯಾರದೋ ಹೊಟ್ಟೆ ಸೇರಿದೆ ಎಂದು ತಿಳಿಯಬೇಕು.

ಇವಳ ಮನೆಗೂ ಗೊಬ್ಬರದ ಅಂಗಡಿಯ ಗಂಗಾಧರಪ್ಪನವರ ಮನೆಗೂ ನಡುವೆ ಒಂದು ಸಂದಿ ಇತ್ತು. ಓಣಿಯ ಹೆಂಗಸರು ಟ್ಯಾಂಕಿಗೆ ಅದರಲ್ಲೇ ಹೋಗಿ ಬರುತ್ತಿದ್ದರು. ಅಂಜಿನಕ್ಕನ ಎಮ್ಮೆಗೆ ಹಿತ್ತಲಿನಿಂದ ಹೊರಬರಲು ಬೇರೆ ದಾರಿಯೇ ಇರಲಿಲ್ಲ, ಆ ಎಮ್ಮೆಯ ಹಾಲಿನ ಮೇಲೆಯೇ ಅವಳ ಒಲೆ ಉರಿಯುತ್ತಿತ್ತು. ಸಂದಿ ಯಾರ ಹೆಸರಿನಲ್ಲೂ ಇರಲಿಲ್ಲ. ಹೊಸ ಮನೆ ಕಟ್ಟಿಸತೊಡಗಿದಾಗ ಗಂಗಾಧರಪ್ಪನವರಿಗೆ ಅದು ತಮ್ಮದೇ ಅನ್ನಿಸಿತು. ಎರಡು ಸಲ ಗೋಡೆ ಹಾಕಲು ಗೌಂಡಿಗಳನ್ನು ಕರೆಸಿದರು. ಎರಡು ಸಲವೂ ಅಂಜಿನಕ್ಕ ಸಂದಿಯಲ್ಲಿ ನಿಂತು ಶುರು ಮಾಡಿದಳು. ಗೌಂಡಿಗಳು ಕರಣೆ ತೊಳೆದುಕೊಂಡು ಹೋದರು, ಕಲಸಿದ ಸಿಮೆಂಟು ಅಲ್ಲೇ ಗಟ್ಟಿಯಾಯಿತು.

ಇದು 2001ರ ಮಾತು. ಶಬ್ದ ಮಾಲಿನ್ಯಕ್ಕೆ ಹೊಸ ಕಾನೂನು ಬಂದಿದೆ ಎಂದು ಗಂಗಾಧರಪ್ಪನವರು ಪತ್ರಿಕೆಯಲ್ಲಿ ಓದಿದರು. ಅದನ್ನು ತಮಗಾಗಿಯೇ ಮಾಡಿದ್ದಾರೆಂದು ಬಗೆದು, ಪತ್ರಿಕೆ ಮಡಚಿಕೊಂಡು ಠಾಣೆಗೆ ಹೋದರು.

"ಅದು ಮೈಕಿಗೆ, ಹಾರ್ನಿಗೆ ಸಾವ್ಕಾರ್ರ" ಎಂದ ಅಲ್ಲಿದ್ದ ಪೊಲೀಸಪ್ಪ. "ಹೆಣ್ಮಕ್ಕಳ ಬಾಯಿ ಅಳೆಯಾ ಮಿಷನ್ ಇನ್ನೂ ಬಂದಿಲ್ರಿ."

"ರಾತ್ರಿ ಹತ್ತರ ಮ್ಯಾಲೆ ಸಪ್ಪಳ ಮಾಡಬಾರ್ದು ಅಂತ ಐತಲ್ಲ?"

"ಆಕಿ ಎಂಟಕ್ಕ ಉಂಡು ಮಲಗ್ತಾಳಂತಲ್ರಿ."

ಆದರೂ ಅವನೇ ಒಂದು ದಾರಿ ತೋರಿಸಿದ. ಈಕೆ ನಮ್ಮ ಶಾಂತಿ ಕದಡುತ್ತಾಳೆ ಎಂದು ಓಣಿಯವರು ಬರೆದುಕೊಟ್ಟರೆ, ಕೂಡ್ಲಿಗಿಯ ತಹಶೀಲ್ದಾರರ ಮುಂದೆ ನಿಲ್ಲಿಸಿ, ಒಂದು ವರ್ಷ ಶಾಂತಿಯಿಂದ ಇರುತ್ತೇನೆಂದು ಮುಚ್ಚಳಿಕೆ ಬರೆಸಿಕೊಳ್ಳಬಹುದು. ಮೀರಿದರೆ ಜೈಲು.

ಗಂಗಾಧರಪ್ಪನವರು ಮನೆಮನೆಗೆ ಹೋದರು. ಎಲ್ಲರೂ ಸಹಿ ಹಾಕಿದರು. ಹೆಸರು ಹಿಡಿಯದ ಬೈಗುಳ ಒಂದಲ್ಲ ಒಂದು ದಿನ ಎಲ್ಲರಿಗೂ ತಾಕಿತ್ತು. ತಿಪ್ಪೇರುದ್ರಮ್ಮನೂ ಹಾಕಿದಳು. "ಅಂಥಾ ದೊಡ್ಡ ಮನುಷ್ಯಾ ಬಾಗಿಲಿಗೆ ಬಂದು ನಿಂತಾಗ ಒಲ್ಲೆ ಅನ್ನಾಕ ಬರ್ತೈತೇನು" ಎಂದಳು ನನಗೆ. ನನ್ನನ್ನು ಯಾರೂ ಕೇಳಲಿಲ್ಲ. ಬಾಡಿಗೆಯವನಿಗೆ ಎಂಥ ಶಾಂತಿ?

ವಿಚಾರಣೆಯ ದಿನ ಬೊಮ್ಮಪ್ಪ ಜಾಮೀನಿಗೆಂದು ನನ್ನನ್ನೂ ಕೂಡ್ಲಿಗಿಗೆ ಕರೆದುಕೊಂಡು ಹೋದ. ತಹಶೀಲ್ದಾರರು ಅಂಜಿನಕ್ಕನನ್ನು ಕೇಳಿದರು, "ಯಾರಿಗಮ್ಮ ನೀನು ಬೈದದ್ದು?"

"ಕೋಳಿ ಕದ್ದಾರಿಗೆ ಸಾಹೇಬ್ರ."

"ಕದ್ದವರು ಯಾರು?"

"ಹೆಸರು ಹಿಡಿಯಂಗಿಲ್ರಿ. ಪದ್ಧತಿ ಇಲ್ಲ."

ಸಾಹೇಬರು ಗಂಗಾಧರಪ್ಪನವರ ಕಡೆ ತಿರುಗಿದರು. "ಹೆಸರೇ ಹಿಡಿದಿಲ್ಲ ಅಂತಾಳಲ್ಲ. ನಿಮಗೇ ಬೈದಳು ಅಂತ ಹೇಗೆ ಹೇಳ್ತೀರಿ?"

"ನನಗ ಬೈದಿದ್ದು ಸರ್. ನನ್ನ ಮನಿ ಕಡಿಗೇ ಮಾರಿ ಮಾಡಿ ಬೈದಾಳ್ರಿ."

"ಹಾಗಾದ್ರೆ ಕೋಳಿ ಎಲ್ಲಿದೆ?"

ಗಂಗಾಧರಪ್ಪನವರು ಮೊಟ್ಟೆಯನ್ನೂ ಮುಟ್ಟದ ಮನುಷ್ಯ. ಅಷ್ಟು ಮಂದಿಯ ಮುಂದೆ ಕೋಳಿ ಕಳ್ಳ ನಾನೇ ಎಂದು ಒಪ್ಪಿಕೊಂಡಂತಾಯಿತು. ನಮಗೂ ಬೈದಿದ್ದಾಳೆ ಎಂದು ಹೇಳಲು ಬಂದು ಹಿಂದೆ ನಿಂತಿದ್ದವರು ಒಬ್ಬೊಬ್ಬರಾಗಿ ಚಹಾ ಕುಡಿಯಲು ಹೊರಗೆ ಹೋದರು. ಸಾಹೇಬರೂ ನಕ್ಕರು. ನಕ್ಕ ಮೇಲೆ, ಇಷ್ಟು ಸಹಿ ಇರುವಾಗ ಬಿಡಲು ಬರುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡರು. ಅಂಜಿನಕ್ಕ ಹೆಬ್ಬೆಟ್ಟು ಒತ್ತಿದಳು.

ಕಾನೂನನ್ನು ಅವಳಷ್ಟು ನಂಬಿದವರನ್ನು ನಾನು ಬೇರೆ ಕಂಡಿಲ್ಲ. ತನ್ನ ಬಾಯಿಯನ್ನು ಒಂದು ವರ್ಷದ ಮಟ್ಟಿಗೆ ಸರ್ಕಾರಕ್ಕೆ ಬರೆದುಕೊಟ್ಟಿದ್ದೇನೆ ಎಂದೇ ತಿಳಿದುಕೊಂಡಳು. ಎಮ್ಮೆಯನ್ನು ಗದರುವುದು ಬಿಟ್ಟಳು. ಕೋಳಿಗಳನ್ನು ಕೂಗಿ ಕರೆಯದೆ ತಟ್ಟೆ ಬಡಿದು ಕರೆದಳು. "ಜಗಳ ಮಾಡಬ್ಯಾಡ ಅಂದಾರ ಅಷ್ಟೇ ಅಕ್ಕ, ಮಾತಾಡಾಕ ಅಡ್ಡಿ ಇಲ್ಲ" ಎಂದು ನಾನು ತಿಳಿಸಿ ಹೇಳಿದೆ. "ಶುರು ಮಾಡಿದ್ರ ನನಗ ನಿಂದ್ರಸಾಕ ಬರಂಗಿಲ್ಲಪ್ಪ, ಜೈಲಿಗೆ ಹೋದ್ರ ಎಮ್ಮಿ ಹಾಲು ಹಿಂಡಾರು ಯಾರು?" ಎಂದಳು.

ಗೌಂಡಿಗಳು ಮೂರನೆಯ ಸಲ ಬಂದರು. ಈ ಸಲದವರು ಹರಪನಹಳ್ಳಿ ಕಡೆಯವರು, ಅಂಜಿನಕ್ಕನ ಬಾಯಿ ಕೇಳಿ ಗೊತ್ತಿಲ್ಲದವರು. ಸಂದಿಯಲ್ಲಿ ಪಾಯ ತೋಡತೊಡಗಿದಾಗ ಓಣಿಗೆ ಓಣಿಯೇ ಬಾಗಿಲಿಗೆ ಬಂತು. ನೀರಿನ ದಾರಿ ಎಲ್ಲರದೂ. ಆದರೆ ಒಬ್ಬರಾದರೂ ತುಟಿ ಬಿಚ್ಚಲಿಲ್ಲ. ಎಲ್ಲರೂ ಅಂಜಿನಕ್ಕನ ಮುಖ ನೋಡುತ್ತ ನಿಂತರು. ಅಂಜಿನಕ್ಕ ಹೊಸ್ತಿಲ ಮೇಲೆ ಕೂತು ಸೆರಗಿನ ತುದಿಯನ್ನು ಬಾಯಲ್ಲಿ ತುರುಕಿಕೊಂಡಿದ್ದಳು. ಕಣ್ಣಿಂದ ನೀರು ಧಾರಾಕಾರ. ಗೋಡೆ ಅವಳ ಎದೆಮಟ್ಟಕ್ಕೆ ಏಳುವವರೆಗೂ ಹಾಗೇ ಕೂತಿದ್ದಳು. ನನಗೆ ಓಣಿಯ ಮೇಲೆ ಸಿಟ್ಟು ಬಂತು.

ಎಮ್ಮೆಯನ್ನು ಗೋಡೆ ಏಳುವ ಮೊದಲೇ ಹೊರಗೆ ತಂದಿದ್ದರು. ಕಟ್ಟಲು ಜಾಗವಿಲ್ಲದೆ ಬೊಮ್ಮಪ್ಪ ಅದನ್ನು ಇಟ್ಟಿಗಿ ಊರಿನ ಭಾವಮೈದುನನ ಮನೆಗೆ ಹೊಡೆದುಕೊಂಡು ಹೋದ. ಅಂಜಿನಕ್ಕ ಕೂಲಿಗೆ ಹೋಗತೊಡಗಿದಳು.

ಗಂಗಾಧರಪ್ಪನವರ ಗೃಹಪ್ರವೇಶ ಜೋರಾಗಿ ನಡೆಯಿತು. ಮೈಕಿಗೆ ಠಾಣೆಯಿಂದ ಕ್ರಮಬದ್ಧ ಅನುಮತಿ ಪಡೆದಿದ್ದರು, ಕಾನೂನು ಬಲ್ಲವರಲ್ಲವೇ. ಹೊಸ ಗೋಡೆಗೆ ಕಟ್ಟಿದ ಹಾರ್ನು ಅಂಜಿನಕ್ಕನ ಅಡುಗೆಮನೆಯತ್ತ ಬಾಯಿ ಮಾಡಿಕೊಂಡು ಹಗಲೆಲ್ಲ ಭಕ್ತಿಗೀತೆ ಹಾಡಿತು. ನನಗೆ ಗಿರಾಕಿಗಳು ಹೇಳುವ ಅಳತೆ ಕೇಳದೆ ಎರಡು ಜಂಪರು ಕೆಟ್ಟವು. ಶಾಂತಿ ಕದಡಿತೆಂದು ಯಾರೂ ಅರ್ಜಿ ಕೊಡಲಿಲ್ಲ, ಎಲ್ಲರೂ ಹೋಗಿ ಹೋಳಿಗೆ ಉಂಡು ಬಂದರು.

ಆ ಬೇಸಿಗೆಯಲ್ಲಿ ಓಣಿ ಒಣಗಿತು. ನೀರಿನವನನ್ನು ಎಬ್ಬಿಸುವವರಿಲ್ಲ. ಬಂದ ನೀರಿಗೂ ಹೆಂಗಸರು ಹೈಸ್ಕೂಲು ರಸ್ತೆಯಿಂದ ಸುತ್ತು ಹಾಕಿ ಹೋಗಬೇಕು. ಕೋಳಿಗಳು ಹೋದವು ಹೋದವೇ. ತಿಪ್ಪೇರುದ್ರಮ್ಮ ಮುಂದಾಗಿ ಹೆಂಗಸರೆಲ್ಲ ಅಂಜಿನಕ್ಕನ ಬಾಗಿಲಲ್ಲಿ ಕೂರತೊಡಗಿದರು. "ನಿನ್ನ ಗಡುವು ಯಾವಾಗ ಮುಗೀತೈತವ್ವ? ಮುಗಿದ ದಿನ ನಿಂತು ಒಂದಿಷ್ಟು ಬಾಯಿ ಮಾಡು. ಗ್ವಾಡಿ ತಾನಾಗೇ ಬೀಳ್ತೈತಿ" ಎನ್ನುವರು. ಅಂಜಿನಕ್ಕ ತಲೆಯೆತ್ತದೆ ಅಕ್ಕಿಯ ಕಲ್ಲು ಆರಿಸುವಳು.

ವರ್ಷ ತುಂಬಿದ ಮರುದಿನ ಅವಳು ಆ ದಿನದ ಕೂಲಿ ಬಿಟ್ಟು ಕೂಡ್ಲಿಗಿಯ ಬಸ್ಸು ಹತ್ತಿದಳು. ಜಾಮೀನಿನವನೆಂದು ನನ್ನನ್ನೂ ಎಳೆದುಕೊಂಡು ಹೋದಳು. ಕಚೇರಿಯ ಗುಮಾಸ್ತ ಕಾಗದ ನೋಡಿ, "ನಿಂದು ಮುಗೀತಮ್ಮ, ಹೋಗು" ಎಂದ.

"ಇನ್ನೊಂದು ವರ್ಷ ಬರಕೊಳ್ರಿ ಸಾಹೇಬ್ರ."

ಗುಮಾಸ್ತ ತಲೆಯೆತ್ತಿದ. "ಯಾಕಮ್ಮ?"

"ಓಣಿ ಮಂದಿ ದಿನಾ ಬಂದು ಬಾಯಿ ಮಾಡು, ಬಾಯಿ ಮಾಡು ಅಂತ ಗಂಟು ಬಿದ್ದಾರ್ರಿ. ಗ್ವಾಡಿ ಕಟ್ಟಿದ ದಿನ ನಂದೊಬ್ಬಾಕಿದು ಬಾಯಿ ಕಟ್ಟಿತ್ರಿ. ಅವರದು ಯಾರು ಕಟ್ಟಿದ್ರು?"

ಓಣಿಯವರು ಮತ್ತೆ ಅರ್ಜಿ ಕೊಡದೆ ಬರೆಸಿಕೊಳ್ಳಲು ಬರುವುದಿಲ್ಲ ಎಂದ ಅವನು. ಅಂಜಿನಕ್ಕ ಕೈಮುಗಿದು ಹೊರಗೆ ಬಂದಳು. ಊರಿನ ಬಸ್ಸು ಹತ್ತಿದೆವು.

ಓಣಿಯ ಬಾಯಲ್ಲೇ ತಿಪ್ಪೇರುದ್ರಮ್ಮ ಖಾಲಿ ಕೊಡ ಹಿಡಿದು ಕಾಯುತ್ತಿದ್ದಳು. ಹಿಂದೆ ಇನ್ನೂ ನಾಲ್ಕಾರು ಹೆಂಗಸರು.

"ಮುಗೀತೇನವ್ವ?"

"ಇಲ್ಲಕ್ಕ" ಎಂದಳು ಅಂಜಿನಕ್ಕ. "ಇನ್ನೊಂದು ವರ್ಷ ಬರಕೊಂಡ್ರು. ನೀವು ಹಾಕಿದ ಸಹಿ ಬಾಳ ಗಟ್ಟಿ ಅದಾವಂತ."

ಎಲ್ಲರೂ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ತಿಪ್ಪೇರುದ್ರಮ್ಮ ಕೊಡವನ್ನು ಸೊಂಟಕ್ಕೇರಿಸಿಕೊಂಡು ಹೈಸ್ಕೂಲು ರಸ್ತೆ ಹಿಡಿದಳು.