ವಾಲ್‌ಬೊರ್ಗಳ ಎತ್ತರ

ಪ್ರೇಬೆನ್ ರಾವ್ನ್‌ಹೋಲ್ಟ್ ನಮ್ಮ ಅಡುಗೆಮನೆಗೆ ಮೊದಲ ಸಲ ಬಂದದ್ದು ಕಡಲಿನ ಮೇಲೆ ಸೇತುವೆ ಆದ ಮರುವರ್ಷ. ಅದಕ್ಕೆ ಮುಂಚೆ ಇಪ್ಪತ್ತೆರಡು ವರ್ಷ ಅವನು ಕೊರ್ಸೋರ್ ಬಂದರಿನಿಂದ ಆಚೆ ದಡಕ್ಕೆ ಹೋಗುವ ಹಡಗುಗಳಲ್ಲಿ ಪೈಪಿನ ಕೆಲಸ ಮಾಡಿದ್ದ. ಸೇತುವೆಯಾಯಿತು, ಹಡಗುಗಳು ನಿಂತವು. ದಡಕ್ಕಿಳಿದವನು ಒಂದು ಹಳೇ ವ್ಯಾನು ಕೊಂಡು, ದೊಡ್ಡ ಅಡುಗೆಮನೆಗಳಿಗೆ ನಲ್ಲಿ ಹಾಕಿ ನೋಡಿಕೊಳ್ಳುವ ಕೆಲಸ ಹಿಡಿದ.

ನಾನು ಸ್ಲಾಗೆಲ್ಸೆ ಪಟ್ಟಣದ ಹೊರಗಿನ ವಸತಿ ಶಾಲೆಯೊಂದರಲ್ಲಿ ಅಡುಗೆಯವಳು. ನೂರಿಪ್ಪತ್ತು ಮಕ್ಕಳು, ಮೂರು ಹೊತ್ತಿನ ಊಟ. ಪಾತ್ರೆಗಳನ್ನು ತೊಳೆಯುವ ಯಂತ್ರಕ್ಕೆ ತಳ್ಳುವ ಮೊದಲು ಅಂಟಿಕೊಂಡ ಗಂಜಿಯನ್ನೂ ಸಾರನ್ನೂ ನೀರು ಚಿಮ್ಮಿಸಿ ಕೀಳಬೇಕು. ಅದಕ್ಕೊಂದು ಬೇರೆ ನಲ್ಲಿ: ಸ್ಪ್ರಿಂಗು ಸುತ್ತಿದ ಪೈಪು ಮೇಲಿಂದ ಇಳಿಬಿದ್ದಿರುತ್ತದೆ, ತುದಿಯಲ್ಲಿ ಒತ್ತುವ ಹಿಡಿ. ಆ ಜಾಗ ಪಾತ್ರೆ ತೊಳೆಯುವ ವಾಲ್‌ಬೊರ್ಗ್ ಎಂಬವಳದು. ನನ್ನ ಹೆಗಲಿಗೂ ಬಾರದ ಹೆಂಗಸು. ಬಾಯಿ ಮಾತ್ರ ಇಡೀ ಅಡುಗೆಮನೆಗೆ ಸಾಲುವಷ್ಟು.

ಪ್ರೇಬೆನ್ ಇದ್ದುದರಲ್ಲೇ ಅತಿ ಎತ್ತರದ, ಅತಿ ಗಟ್ಟಿ ನಲ್ಲಿಯನ್ನು ತಂದು ಹಾಕಿದ.

"ಹಡಗಲ್ಲಿ ಹಾಕೋ ಸಾಮಾನು ಇದು. ಇಪ್ಪತ್ತು ವರ್ಷ ರಿಪೇರಿಗೆ ಅಂತ ಯಾರೂ ಮುಟ್ಟಬೇಕಾಗಿಲ್ಲ" ಎಂದ.

"ಮುಟ್ಟದೇ ಇದ್ರೆ ಪಾತ್ರೆ ತೊಳೆಯೋದು ನೀನಾ?" ಎಂದಳು ವಾಲ್‌ಬೊರ್ಗ್. ಎಲ್ಲರೂ ನಕ್ಕೆವು.

ಆಮೇಲೆ ವರ್ಷಕ್ಕೆರಡು ಸಲ ಬರುತ್ತಿದ್ದ. ನಮ್ಮ ಕಡೆ ನೀರಿನಲ್ಲಿ ಸುಣ್ಣ ಬಹಳ. ನಲ್ಲಿಯ ಬಾಯಿ ಮುಚ್ಚಿಕೊಂಡು ನೀರು ಅಡ್ಡಾದಿಡ್ಡಿ ಹಾರುತ್ತದೆ. ಅವನು ಬಾಯಿ ಬಿಚ್ಚಿ ಬಿಸಿ ವಿನೆಗರಿನಲ್ಲಿ ನೆನೆಹಾಕಿ, ಸವೆದ ವಾಷರ್ ಬದಲಿಸಿ, ಅಷ್ಟು ಹೊತ್ತು ನನ್ನ ಕಾಫಿ ಕುಡಿಯುತ್ತ ಕೂರುತ್ತಿದ್ದ. ಹೊರಡುವಾಗ ಒಂದೇ ಪಾಠ: "ಬರೀ ಹಿಡಿ ಬಿಟ್ಟು ಮನೆಗೆ ಹೋಗ್ಬೇಡಿ. ಕೆಳಗಿನ ತಿರುಪೂ ಮುಚ್ಚಿ. ಇಲ್ಲಾಂದ್ರೆ ರಾತ್ರಿಯೆಲ್ಲ ಪೈಪು ಉಬ್ಬಿಕೊಂಡೇ ಇರುತ್ತೆ, ಒಂದಿನ ಒಡೆಯುತ್ತೆ." ಪೈಪು ಒಡೆಯಲಿಲ್ಲ. ಆರು ವರ್ಷ ಆ ನಲ್ಲಿ ಒಂದು ದಿನವೂ ಕೈಕೊಡಲಿಲ್ಲ.

ಏಳನೆಯ ವರ್ಷದ ವಸಂತದಲ್ಲಿ ಅವನು ಬಂದಾಗ ವಾಲ್‌ಬೊರ್ಗ್ ಇರಲಿಲ್ಲ. ಮಧ್ಯಾಹ್ನದ ತಟ್ಟೆಗಳು ಗುಡ್ಡೆ ಬಿದ್ದಿದ್ದವು. "ಸರಿ, ನಾನೇ ತೊಳೀತೀನಿ" ಎಂದು ತೋಳು ಮಡಚಿ ನಿಂತ. ಕಾಲಿಗೇನೋ ತಗುಲಿತು. ಸಿಂಕಿನ ಕೆಳಗಿನಿಂದ ಎಳೆದರೆ, ಬೋರಲು ಹಾಕಿದ ಬಿಯರ್ ಕ್ರೇಟು. ಮೇಲೆ ಎರಡು ಪಾದದಷ್ಟು ಜಾಗ ಸವೆದು ನುಣುಪಾಗಿತ್ತು.

"ಇದೇನು?"

"ವಾಲ್‌ಬೊರ್ಗಳದು" ಎಂದೆ. "ಅವಳಿಗೆ ಅಲ್ಲೀವರೆಗೆ ಕೈ ಎಟುಕಬೇಕಲ್ಲ."

"ಅವಳೆಲ್ಲಿ?"

"ಭುಜದ ಆಪರೇಷನ್ ಆಗಿದೆ. ಬಲಗೈ."

ಅವನು ಕ್ರೇಟನ್ನು ಪಕ್ಕಕ್ಕಿಟ್ಟು, ಆ ಒದ್ದೆ ನೆಲದ ಮೇಲೆ ಮಂಡಿಯೂರಿ, ವಾಲ್‌ಬೊರ್ಗಳ ಎತ್ತರಕ್ಕೆ ಬಂದು ಕೈ ಚಾಚಿದ. ಹಿಡಿ ಸಿಗಲಿಲ್ಲ. ಇನ್ನಷ್ಟು ಚಾಚಿ ಎಳೆದ. ಗಟ್ಟಿ ಸ್ಪ್ರಿಂಗು ಅವನ ಕೈಯನ್ನೇ ಮೇಲಕ್ಕೆಳೆಯಿತು. ಹಾಗೆಯೇ ನಾಲ್ಕೈದು ತಟ್ಟೆ ತೊಳೆದ. ಪ್ಯಾಂಟು ತೋಯ್ದುಹೋಯಿತು. ಎದ್ದವನು ನನ್ನ ಮುಖ ನೋಡಲಿಲ್ಲ. ನಾನೂ ಅವನ ಮುಖ ನೋಡಲಿಲ್ಲ. ಆರು ವರ್ಷ ದಿನಾ ಆ ಕ್ರೇಟನ್ನು ದಾಟಿಕೊಂಡು ಓಡಾಡಿದವಳು ನಾನು. ನೆಲ ಒರೆಸುವಾಗ ಎತ್ತಿಟ್ಟದ್ದೂ ಉಂಟು.

ಅದೇ ಸಂಜೆ ಇಬ್ಬರೂ ಅವಳ ಮನೆಗೆ ಹೋದೆವು. ಬಲಗೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಇಟ್ಟುಕೊಂಡು ಅವಳೇ ಬಾಗಿಲು ತೆಗೆದಳು.

"ಒಂದು ಮಾತು ಹೇಳಬಾರದಿತ್ತಾ ನನಗೆ?" ಎಂದ ಪ್ರೇಬೆನ್, ಕೂರುವುದಕ್ಕೂ ಮುಂಚೆ.

"ನೀನು ಬಂದಾಗೆಲ್ಲ ನಲ್ಲಿ ಹೇಗಿದೆ ಅಂತ ಕೇಳ್ತಿದ್ದೆ. ನಲ್ಲಿ ಚೆನ್ನಾಗೇ ಇತ್ತು."

ಅವನು ಮುಖ ಸಪ್ಪಗೆ ಮಾಡಿಕೊಂಡು ಕೂತ. ಅವಳಿಗೇ ಕನಿಕರವಾಯಿತೋ ಏನೋ. "ಹಂಗೆಲ್ಲ ಮುಖ ಮಾಡ್ಬೇಡ. ಮೂವತ್ತೆಂಟು ವರ್ಷ ಪಾತ್ರೆ ತೊಳೆದ ಭುಜ ಇದು. ಎಲ್ಲಾ ನಿನ್ನ ನಲ್ಲಿಯಿಂದಲೇ ಅಂದ್ಕೊಳ್ಳೋಷ್ಟು ಜಂಬ ಬೇಡ" ಎಂದಳು. ಆಮೇಲೆ ಎಡಗೈಯಲ್ಲೇ ಕಾಫಿ ಬಗ್ಗಿಸಿದಳು. ಅರ್ಧ ತಟ್ಟೆಗೆ ಚೆಲ್ಲಿತು. ಅವನು ಎದ್ದು ಸಹಾಯಕ್ಕೆ ಹೋದರೆ ಬೈದು ಕೂರಿಸಿದಳು.

ಮರುವಾರ ಪ್ರೇಬೆನ್ ಎತ್ತರದ ನಲ್ಲಿ ಕಿತ್ತು, ಮೇಲೆ ಕೆಳಗೆ ಸರಿಸಬಹುದಾದ ಗಿಡ್ಡ ನಲ್ಲಿ ಹಾಕಿದ. ಬಾಯಿ ತೀರ ಕೆಳಗೆ ಜೋತು ಸಿಂಕಿನ ಕೊಳೆ ನೀರಿನಲ್ಲಿ ಮುಳುಗಬಾರದು, ಮೇಲೆ ಹೋಗಿ ತೋಳು ಸೋಲಬಾರದು. ಆ ನಡುವಿನ ಜಾಗ ಹುಡುಕಲು ಅರ್ಧ ದಿನ ಹಿಡಿಯಿತು. ಆದರೆ ವಾಲ್‌ಬೊರ್ಗ್ ಅದನ್ನು ಬಳಸಲಿಲ್ಲ. ಕೈ ಹೆಗಲಿನ ಮಟ್ಟಕ್ಕಿಂತ ಮೇಲೇಳುವುದಿಲ್ಲ, ಭಾರದ ಪಾತ್ರೆ ಎತ್ತುವ ಕೆಲಸ ಇನ್ನಾಗದು ಎಂದು ಡಾಕ್ಟರು ಹೇಳಿಬಿಟ್ಟರು. ಕೆಲಸ ಬಿಟ್ಟಳು.

ಎರಡು ತಿಂಗಳು ಕಳೆದ ಮೇಲೆ ಪ್ರೇಬೆನ್ ಅವಳ ಮನೆ ಮುಂದೆ ವ್ಯಾನು ನಿಲ್ಲಿಸಿ ಕೇಳಿದನಂತೆ, "ಮನೇಲಿ ಕೂತು ಏನ್ ಮಾಡ್ತೀಯ? ನನ್ನ ಜೊತೆ ಬಾ. ನಾನು ಗೋಡೆ ಅಳೀತೀನಿ. ಜನರನ್ನ ನೋಡೋದು ನನಗೆ ಬರಲ್ಲ."

"ಬರಲ್ಲ ಅಂತ ಈಗ ಗೊತ್ತಾಯ್ತಾ?" ಎಂದಳಂತೆ. ಆದರೂ ಕೋಟು ತೆಗೆದುಕೊಂಡಳು.

ಅಂದಿನಿಂದ ಪ್ರತಿ ಗುರುವಾರ ಇಬ್ಬರೂ ಒಟ್ಟಿಗೆ ಹೋಗುತ್ತಾರೆ. ಅವನು ನೀರಿನ ಒತ್ತಡ ನೋಡುತ್ತಾನೆ, ಅವಳು ತೊಳೆಯುವವರ ಪಕ್ಕ ನಿಂತು ನೋಡುತ್ತಾಳೆ: ಯಾವ ಕೈ ಮುಂದು, ಹಿಡಿ ಒತ್ತಿದಾಗ ಬೆರಳು ಬೆಳ್ಳಗಾಗುತ್ತದೆಯೇ, ಬೆನ್ನು ಬಾಗುತ್ತದೆಯೇ. ಅವಳು ಬೇಡವೆಂದ ನಲ್ಲಿಯನ್ನು ಅವನು ಹಾಕುವುದಿಲ್ಲ. ಅದಕ್ಕೇ ಒಂದೆರಡು ಹೋಟೆಲುಗಳು ಅವನನ್ನು ಕರೆಯುವುದನ್ನೇ ಬಿಟ್ಟವು.

ಒಮ್ಮೆ ನಾನು ಪ್ರೇಬೆನ್‌ನನ್ನು ಕೇಳಿದೆ, "ಇನ್ನೂ ಮನಸ್ಸಿಗೆ ಹಚ್ಚಿಕೊಂಡಿದ್ದೀಯಾ?"

"ಅವಳು ವ್ಯಾನು ಹತ್ತುವಾಗ ಎಡಗೈಯಿಂದ ಬೆಲ್ಟು ಎಳ್ಕೊಳ್ತಾಳಲ್ಲ, ಆಗ" ಎಂದ. ಅಷ್ಟೇ.

ಹೋದ ವಾರದ್ದನ್ನು ವಾಲ್‌ಬೊರ್ಗೇ ಹೇಳಿದಳು. ಬಂದರಿನ ಹತ್ತಿರದ ಹೊಸ ಊಟದ ಮನೆಯೊಂದರಲ್ಲಿ ಮುಖ್ಯ ಅಡುಗೆಯವನು ಚಿತ್ರಗಳಿದ್ದ ಪುಸ್ತಕ ಬಿಡಿಸಿ, ಹೊಳೆಯುವ ನಲ್ಲಿಯೊಂದನ್ನು ತೋರಿಸಿ, "ಇದೇ ಇರಲಿ" ಎಂದನಂತೆ.

"ಪಾತ್ರೆ ತೊಳೆಯೋರು ಯಾರು?" ಎಂದು ಪ್ರೇಬೆನ್ ಕೇಳಿದ.

"ಒಬ್ಬಳು ಬರ್ತಾಳೆ."

"ಹೆಸರು?"

ಅಡುಗೆಯವನಿಗೆ ಗೊತ್ತಿರಲಿಲ್ಲ. ಪ್ರೇಬೆನ್ ಪುಸ್ತಕ ಮುಚ್ಚಿ ಕುರ್ಚಿ ಎಳೆದು ಕೂತ. ವಾಲ್‌ಬೊರ್ಗೂ ಕೂತಳು. "ಅವಳು ಬರ್ಲಿ. ನಮಗೇನೂ ಅವಸರ ಇಲ್ಲ" ಎಂದ. ಅಡುಗೆಯವನು ಗೊಣಗುತ್ತ ಹಿತ್ತಿಲ ಬಾಗಿಲು ತೆಗೆದು, ಹೆಸರು ತಿಳಿಯದೆ, ಸುಮ್ಮನೆ "ಸ್ವಲ್ಪ ಬರ್ತೀಯಾ?" ಎಂದು ಕೂಗಿದ. ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ, ಏನು ತಪ್ಪಾಯಿತೋ ಎಂಬ ಮುಖದಲ್ಲಿ ಒಬ್ಬಳು ಒಳಗೆ ಬಂದಳು.